ಬೀರುವಿನ ಬೀಗ ತೆಗೆಸಿ, ಸಾಮಾನು ಮಕ್ಕಳ ಕೈಗೆ ಕೊಡಿಸಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ವಿಶೇಷ ಅಗತ್ಯವುಳ್ಳ ಚಿಕ್ಕ ಮಕ್ಕಳಿಗೆ ಮುಟ್ಟಿ ಕಲಿಯುವ ಸಾಮಗ್ರಿ ನಿಜವಾಗಿ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಇದೆ. ನನ್ನ ಮಗಳಂಥ ಮಕ್ಕಳು ಆರು ವರ್ಷದವರೆಗೆ ಒಬ್ಬರ ಇಲಾಖೆಯ ಲೆಕ್ಕದಲ್ಲಿರುತ್ತಾರೆ, ಆಮೇಲೆ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತಾರೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಮಗು ಏನು ಕಲಿತಿತ್ತು, ಏನು ಸಿಗಬೇಕಿತ್ತು, ಯಾಕೆ ಸಿಗಲಿಲ್ಲ ಅಂತ ಎರಡೂ ಕಡೆ ಯಾರೂ ಕೇಳುವುದಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಮಗಳಿಗೆ ಈಗ ಏಳು ವರ್ಷ. ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಇರುವ, ಬೆಳವಣಿಗೆ ಮತ್ತು ಕಲಿಕೆ ನಿಧಾನವಾಗುವ ಸ್ಥಿತಿ. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ ಓದುತ್ತಿದ್ದಾಳೆ. ವಾರಕ್ಕೊಮ್ಮೆ ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗಾಗಿ ಇರುವ ಸಂಪನ್ಮೂಲ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಸುತ್ತಲ ಊರುಗಳಿಂದ ಬೇರೆ ತಾಯಂದಿರೂ ಬರುತ್ತಾರೆ. ಮಕ್ಕಳು ಒಳಗೆ ಕಲಿಯುವಾಗ ನಾವು ಬಾಗಿಲ ಹತ್ತಿರ ಕೂತಿರುತ್ತೇವೆ. ಈ ಪತ್ರದಲ್ಲಿರುವುದು ನಾನು ಅಲ್ಲಿ ಕಣ್ಣಾರೆ ಕಂಡಿದ್ದು ಮತ್ತು ಆ ತಾಯಂದಿರಿಂದ ಕೇಳಿದ್ದು. ಯಾವ ಕೇಂದ್ರ, ಯಾವ ಟೀಚರ್ ಅಂತ ಹೆಸರು ಹಾಕುತ್ತಿಲ್ಲ. ತಪ್ಪು ಅವರದ್ದಲ್ಲ, ಆದರೆ ಹೆಸರು ಹಾಕಿದರೆ ನೋಟಿಸ್ ಹೋಗುವುದು ಅವರಿಗೇ.

ಆ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಒಳಗೆ ಸರ್ಕಾರ ಕೊಟ್ಟ ಕಲಿಕಾ ಕಿಟ್ ಇದೆ. ಆಕಾರ ಕೂಡಿಸುವ ಹಲಗೆ, ಬಣ್ಣದ ಮಣಿ ಪೋಣಿಸುವ ಚೌಕಟ್ಟು, ಗುಂಡಿ ಹಾಕಿ ಬಿಚ್ಚಿ ಅಭ್ಯಾಸ ಮಾಡುವ ಬಟ್ಟೆ, ಒರಟು ನಯ ಗುರುತಿಸುವ ಚೂರುಗಳು. ಒಳ್ಳೆಯ ಸಾಮಾನು. ಯಾರೋ ಯೋಚನೆ ಮಾಡಿಯೇ ಆರಿಸಿದ್ದಾರೆ. ಆದರೆ ಅರ್ಧಕ್ಕರ್ಧ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇವೆ. ಮೇಲಿನ ಅಧಿಕಾರಿಗಳು ಬರುವ ದಿನ ಬೀರು ತೆಗೆಯುತ್ತಾರೆ, ಟೇಬಲ್ ಮೇಲೆ ಬಟ್ಟೆ ಹಾಸಿ ಎಲ್ಲ ಜೋಡಿಸುತ್ತಾರೆ, ಮಕ್ಕಳನ್ನು ಹಿಂದೆ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಅವರ ಜೀಪು ಗೇಟು ದಾಟಿದ ಮೇಲೆ ಎಲ್ಲ ಮತ್ತೆ ಒಳಗೆ. ನನ್ನ ಮಗಳು ಒಮ್ಮೆ ಕೆಂಪು ಮಣಿಯೊಂದನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೇ ಇಲ್ಲ. ಬೆರಳು ಬಿಡಿಸಿ ತೆಗೆದುಕೊಳ್ಳಬೇಕಾಯಿತು. ತೆಗೆದುಕೊಂಡ ಟೀಚರ್ ಕಣ್ಣಲ್ಲೂ ನೀರಿತ್ತು. "ಒಂದು ಮಣಿ ಕಮ್ಮಿಯಾದ್ರೂ ಆಡಿಟ್‌ನಲ್ಲಿ ನಾನೇ ಉತ್ತರ ಕೊಡ್ಬೇಕು ಅಕ್ಕಾ" ಅಂದರು.

ನನ್ನ ದೂರು ಇದೇ. ಸಾಮಗ್ರಿ ಕೊಟ್ಟಿಲ್ಲ ಅಂತ ಅಲ್ಲ. ಕೊಟ್ಟಿದ್ದೀರಿ. ಆದರೆ ಅದನ್ನು ಮಗು ಮುಟ್ಟಿದರೆ ಟೀಚರ್‌ಗೆ ತೊಂದರೆ ಆಗುವ ಹಾಗೆ ಲೆಕ್ಕ ಇಟ್ಟಿದ್ದೀರಿ. ಮಣಿ ಕಳೆಯುತ್ತದೆ. ಹಲಗೆಯ ಮೂಲೆ ಕಿತ್ತುಹೋಗುತ್ತದೆ. ಎಷ್ಟೋ ಮಕ್ಕಳು ಬಾಯಿಗೆ ಹಾಕುತ್ತಾರೆ, ಕಚ್ಚುತ್ತಾರೆ, ಎಸೆಯುತ್ತಾರೆ, ಜೊಲ್ಲು ಸುರಿಸುತ್ತಾರೆ. ಹಾಗೆ ಆಗಲಿಲ್ಲ ಅಂದರೆ ಅದು ಬಳಕೆ ಆಗಿಲ್ಲ ಅಂತಲೇ ಅರ್ಥ. ವರ್ಷದ ಕೊನೆಯಲ್ಲಿ ಎಲ್ಲ ಹೊಸದಾಗಿ, ಎಣಿಕೆಗೆ ಸರಿಯಾಗಿ ಇದೆ ಅಂತ ದಾಸ್ತಾನು ಪುಸ್ತಕದಲ್ಲಿ ಸಹಿ ಬಿದ್ದರೆ ಆ ವರ್ಷ ಆ ಕೇಂದ್ರದ ಮಕ್ಕಳು ಅದರಿಂದ ಏನೂ ಕಲಿತಿಲ್ಲ. ನಿಮ್ಮ ಅಧಿಕಾರಿಗಳು ಇದನ್ನು ತಲೆಕೆಳಗಾಗಿ ನೋಡುತ್ತಿದ್ದಾರೆ.

ಈ ಮಕ್ಕಳಿಗೆ ಕೈಯಿಂದ ಕಲಿಯುವುದು ಯಾಕೆ ಇಷ್ಟು ಮುಖ್ಯ ಅಂತ ನೀವು ಕೇಳಬಹುದು. ನನಗೆ ಹತ್ತಿರದಿಂದ ಗೊತ್ತಿರುವುದು ನನ್ನ ಮಗಳ ವಿಷಯ, ಅದನ್ನೇ ಹೇಳುತ್ತೇನೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಸಾಮಾನ್ಯವಾಗಿ ಕಿವಿಯಿಂದ ಕೇಳಿದ್ದನ್ನು ಆ ಕ್ಷಣಕ್ಕೆ ನೆನಪಿಟ್ಟುಕೊಳ್ಳುವುದು ಕಷ್ಟ. ಕಣ್ಣಿಂದ ನೋಡಿದ್ದು ಜಾಸ್ತಿ ಉಳಿಯುತ್ತದೆ. ಸ್ನಾಯುಗಳಲ್ಲಿ ಬಿಗಿ ಕಮ್ಮಿ ಇರುವುದರಿಂದ ಬೆರಳ ಹಿಡಿತವೂ ಸಡಿಲ. ಇಂಥ ಮಗುವನ್ನು ಕೂರಿಸಿ ಇಪ್ಪತ್ತು ಸಲ "ಒಂದು, ಎರಡು, ಮೂರು" ಹೇಳಿಸಿದರೆ ಹೇಳುತ್ತದೆ. ನನ್ನ ಮಗಳು ಹತ್ತರವರೆಗೆ ಹಾಡಿನ ಹಾಗೆ ಹೇಳುತ್ತಿದ್ದಳು. ಆದರೆ ಮೂರು ಚಮಚ ತಾ ಅಂದರೆ ಕೈಗೆ ಸಿಕ್ಕಷ್ಟು ತರುತ್ತಿದ್ದಳು. ಸಂಖ್ಯೆಯ ಹೆಸರು ಗೊತ್ತಿತ್ತು, ಸಂಖ್ಯೆ ಗೊತ್ತಿರಲಿಲ್ಲ.

ಕೇಂದ್ರದ ಟೀಚರ್ ಮೊಟ್ಟೆ ಇಡುವ ರಟ್ಟಿನ ಟ್ರೇ ತಂದರು. ಅವರ ಸ್ವಂತ ದುಡ್ಡಿನದು ಕೂಡ ಅಲ್ಲ, ಅಂಗಡಿಯವರು ಬಿಸಾಡುವುದು. ಒಂದೊಂದು ಗುಳಿಗೆ ಒಂದೊಂದು ಹುಣಸೆ ಬೀಜ. ಗುಳಿ ತುಂಬಿದ ಮೇಲೆ ಇನ್ನೊಂದು ಹಾಕಬಾರದು. ಹೆಬ್ಬೆರಳು ತೋರುಬೆರಳಲ್ಲಿ ಬೀಜ ಎತ್ತುವುದೇ ಅವಳಿಗೆ ಮೊದಮೊದಲು ದೊಡ್ಡ ಕೆಲಸ, ಜಾರಿ ಜಾರಿ ಬೀಳುತ್ತಿತ್ತು. ಹಾಗೆ ಎತ್ತಿ ಹಾಕಿ, ಎತ್ತಿ ಹಾಕಿ, ಬೆರಳಿಗೆ ಹಿಡಿತ ಬಂತು. ಅದರ ಜೊತೆಗೇ ಒಂದು ಗುಳಿಗೆ ಒಂದು ಅನ್ನುವುದೂ ತಲೆಗೆ ಹೋಯಿತು. ಕೆಲವು ತಿಂಗಳ ಮೇಲೆ ಒಂದು ರಾತ್ರಿ ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ತಟ್ಟೆ ತಾನೇ ಹಾಕಿದಳು. ಒಂದೂ ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ನಮ್ಮ ಅತ್ತೆ ಅಳಗುಳಿ ಮಣೆ ಹೊರಗೆ ತೆಗೆದು ಧೂಳು ಒರೆಸಿದ್ದು ಆಗಲೇ. ಈಗ ಅಜ್ಜಿ ಮೊಮ್ಮಗಳು ಸಂಜೆ ಆಡುತ್ತಾರೆ.

ಅಕ್ಷರದ ವಿಷಯದಲ್ಲೂ ಹೀಗೇ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಅಂತ ಶುರು ಮಾಡುತ್ತಾರಲ್ಲ, ಅದೇ ಕ್ರಮದಲ್ಲಿ ಟೀಚರ್ ಮರಳು ಕಾಗದ ಕತ್ತರಿಸಿ ರಟ್ಟಿಗೆ ಅಂಟಿಸಿದರು. ಮಗು ಬೆರಳಲ್ಲಿ ಅಕ್ಷರದ ಮೇಲೆ ಓಡಿಸಬೇಕು. ಎಲ್ಲಿಂದ ಶುರು, ಯಾವ ಕಡೆ ತಿರುಗಬೇಕು ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ರಾಗಿ ಹರಡಿ ಅದರಲ್ಲಿ ಬರೆಯುವುದು. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಸಾಕು, ರಬ್ಬರ್ ಬೇಡ, ಪುಟ ಹರಿಯುವುದಿಲ್ಲ, ಬೈಗುಳ ಇಲ್ಲ. ಪೆನ್ಸಿಲ್ ಹಿಡಿಯಲು ಬಾರದ ಮಗುವೂ ಅಕ್ಷರ ಬರೆಯಬಹುದು ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಆದರೆ ಎಲ್ಲ ಮಕ್ಕಳಿಗೂ ಒಂದೇ ಸಾಮಾನು ಹೊಂದುವುದಿಲ್ಲ. ನಮ್ಮ ಜೊತೆ ಬರುವ ಆಟಿಸಂ ಇರುವ ಒಬ್ಬ ಹುಡುಗ ಅಂಟು ಅಂದರೆ ಕಿರುಚಿಕೊಳ್ಳುತ್ತಾನೆ. ಒಣ ರಾಗಿ ಪರವಾಗಿಲ್ಲ, ಕಲಸಿದ ಹಿಟ್ಟು ಮಾತ್ರ ಆಗದು. ಮೊದಲು ಯಾರೋ ಅವನ ಕೈ ಹಿಡಿದು ಬಲವಂತವಾಗಿ ಹಿಟ್ಟಿಗೆ ಒತ್ತಿಸಿದ್ದರಂತೆ. ಅವತ್ತಿಂದ ಆ ಕೋಣೆಯ ಬಾಗಿಲಿಗೆ ಬಂದರೇ ಅಳುತ್ತಿದ್ದ. ಈಗಿನ ಟೀಚರ್ ಹಿಟ್ಟನ್ನು ಗಟ್ಟಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಮುಚ್ಚಿ ಕೊಟ್ಟರು. ಕವರಿನ ಮೇಲಿಂದಲೇ ಅವನು ಅಮುಕಿ ಅಮುಕಿ ನೋಡಿದ. ತುಂಬಾ ದಿನ ಅಷ್ಟೇ. ಆಮೇಲೆ ತಾನಾಗಿಯೇ ಒಂದು ಬೆರಳು ಒಳಗೆ ಹಾಕಿದ. ಕಣ್ಣು ಸರಿಯಾಗಿ ಕಾಣದ ಒಂದು ಹುಡುಗಿಗೆ ದಪ್ಪ ನೂಲಿನಿಂದ ಮಾಡಿದ ಅಕ್ಷರ ಬೇಕು, ಗೋಣಿಚೀಲದ ತುಂಡು, ರೇಷ್ಮೆ ತುಂಡು ಮುಟ್ಟಿಸಿ ಹೋಲಿಸಿ ಹೇಳಬೇಕು. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಮಗುವಿನ ಹತ್ತಿರ ಹುಣಸೆ ಬೀಜ ಇಡಲೇಬಾರದು, ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಇದೆಲ್ಲ ಕಿಟ್‌ನ ಮುಚ್ಚಳದ ಮೇಲೆ ಬರೆದು ಕಳಿಸಿದರೆ ಬರುವ ಜ್ಞಾನ ಅಲ್ಲ. ಮಗುವನ್ನು ನೋಡಿ ಸಾಮಾನು ಆರಿಸಲು ಗೊತ್ತಿರುವ ಮನುಷ್ಯರು ಬೇಕು.

ಈ ವಿಧಾನ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. 1800ರ ಸುಮಾರಿಗೆ ಫ್ರಾನ್ಸಿನಲ್ಲಿ ಇಟಾರ್ ಅನ್ನುವ ವೈದ್ಯರು ಕಾಡಿನಲ್ಲಿ ಸಿಕ್ಕಿದ ಒಬ್ಬ ಹುಡುಗನಿಗೆ ಇಂದ್ರಿಯಗಳ ಮೂಲಕ ಕಲಿಸಲು ಹೊರಟರು. ಅವರ ಶಿಷ್ಯ ಸೆಗ್ಯಾನ್ ಅದನ್ನು ಬುದ್ಧಿಮಾಂದ್ಯ ಮಕ್ಕಳಿಗಾಗಿ ಬೆಳೆಸಿದರು. ಇವರಿಬ್ಬರ ಕೆಲಸ ಓದಿಕೊಂಡು ಮರಿಯಾ ಮಾಂಟೆಸ್ಸರಿ ರೋಮ್‌ನಲ್ಲಿ ಮೊದಲು ಕಲಿಸಿದ್ದೂ ಇಂಥ ಮಕ್ಕಳಿಗೇ. ಅಲ್ಲಿ ಫಲ ಕಂಡ ಮೇಲೆ 1907ರಲ್ಲಿ ಬಡವರ ಕೇರಿಯ ಬೇರೆ ಮಕ್ಕಳಿಗೂ ಶಾಲೆ ತೆರೆದರು. 1939ರಲ್ಲಿ ಅವರು ಮದ್ರಾಸಿಗೆ ಬಂದರು, ಯುದ್ಧ ಶುರುವಾಗಿ ವರ್ಷಗಟ್ಟಲೆ ಇಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಇವತ್ತು ಊರೂರಲ್ಲಿ ಮಾಂಟೆಸ್ಸರಿ ಅಂತ ಬೋರ್ಡ್ ಇದೆ. ನಮ್ಮ ತಾಲ್ಲೂಕಿನ ಅಂಥದ್ದೊಂದು ಶಾಲೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕಪಾಟಿನಲ್ಲಿ ಮರದ ಸಾಮಾನು ಸಾಲಾಗಿ ಇತ್ತು. "ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ" ಅಂದರು. ಯಾರ ಸಲುವಾಗಿ ಆ ವಿಧಾನ ಹುಟ್ಟಿತೋ ಅವರಿಗೇ ಅದು ಸಿಗದೆ ಹೋದದ್ದು ನನಗೆ ಇವತ್ತಿಗೂ ಸಂಕಟ.

ನಮ್ಮ ಸರ್ಕಾರಿ ಶಾಲೆಗಳಿಗೂ ಇದು ಹೊಸತಲ್ಲ. ನಲಿಕಲಿ ಶುರುವಾಗಿದ್ದೇ ನಮ್ಮ ರಾಜ್ಯದಲ್ಲಿ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಮಕ್ಕಳು ನೆಲದ ಮೇಲೆ ಕೂತು, ಕಾರ್ಡು ಹಿಡಿದು, ತಮ್ಮ ವೇಗಕ್ಕೆ ತಕ್ಕಂತೆ ಕಲಿಯಲಿ ಅಂತ ಒಪ್ಪಿಕೊಂಡ ರಾಜ್ಯ ಇದು. ಹಾಗಿದ್ದ ಮೇಲೆ ತಡವಾಗಿ ಕಲಿಯುವ ಮಗುವಿಗೆ ಮಾತ್ರ ಬೀರು ಮುಚ್ಚಿರುವುದು ಯಾಕೆ?

ಕಾನೂನಿನ ಮಾತೂ ಹೇಳಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 17ನೇ ಕಲಮಿನಲ್ಲಿ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಸಲಕರಣೆ ಉಚಿತವಾಗಿ ಕೊಡಬೇಕು ಅಂತ ಇದೆ. ಕೊಡುವುದು ಅಂದರೆ ಮಗುವಿನ ಕೈಗೆ ಕೊಡುವುದು. ಕಚೇರಿಯ ಬೀರುವಿಗೆ ಕೊಟ್ಟರೆ ಕೊಟ್ಟ ಹಾಗೆ ಆಗುವುದಿಲ್ಲ, ಅಲ್ವಾ? 2021ರಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂತ ಹೇಳಿತು. ನಮ್ಮ ಕೇಂದ್ರದ ಟೀಚರ್ ಒಬ್ಬರೇ ಕೇಂದ್ರವನ್ನೂ ನೋಡಬೇಕು, ಶಾಲೆಗಳಿಗೂ ಹೋಗಬೇಕು, ಮನೆ ಮನೆಗೂ ಹೋಗಬೇಕು, ಅದರ ಮೇಲೆ ಆನ್‌ಲೈನ್ ಎಂಟ್ರಿ ಬೇರೆ.

ಮನೆಗೆ ಹೋಗುವ ವಿಷಯ ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರಿಗಿಂತ ಕಮ್ಮಿ ಸಿಗುವುದು ಆ ಮಕ್ಕಳಿಗೆ. ನಮ್ಮ ಪಕ್ಕದ ಊರಿನಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಒಬ್ಬ ಹುಡುಗ ಇದ್ದಾನೆ. ಶಾಲೆಗೆ ಬರಲು ಆಗುವುದಿಲ್ಲ ಅಂತ ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿದ್ದಾನೆ. ಟೀಚರ್ ಅವನ ಮನೆಗೆ ಬರುತ್ತಾರೆ, ಬಸ್ ಇಳಿದು ನಡೆದುಕೊಂಡು. ಬ್ಯಾಗಿನಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್. ಆ ಹುಡುಗನ ಬೆರಳು ಪೆನ್ಸಿಲ್ ಸುತ್ತ ಮಡಚುವುದೇ ಇಲ್ಲ. ಅವನಿಗೆ ಬೇಕಾದದ್ದು ಅಂಗೈ ತುಂಬುವಷ್ಟು ದೊಡ್ಡ ಹಿಡಿ ಇರುವ ಮರದ ತುಂಡು, ತಳ್ಳಿದರೆ ಜಾರುವ ಹಲಗೆ, ಮುಟ್ಟಿದರೆ ಸದ್ದು ಮಾಡುವ ಸಾಮಾನು. ಅದು ಇದೆ, ಆ ಬೀರುವಿನಲ್ಲಿ. ಆದರೆ ಕಿಟ್ ಕೇಂದ್ರದ ಹೊರಗೆ ಹೋಗುವಂತಿಲ್ಲವಂತೆ. ಹೀಗಾಗಿ ಅವನ ತಾಯಿ ಹಳೇ ಔಷಧಿ ಡಬ್ಬಕ್ಕೆ ಅವರೆಕಾಳು ತುಂಬಿ, ಮುಚ್ಚಳ ಬಿಗಿಮಾಡಿ ಕೊಟ್ಟಿದ್ದಾರೆ. ಅದನ್ನು ಅಲ್ಲಾಡಿಸಿ ಅವನು ನಗುತ್ತಾನೆ. ಆ ತಾಯಿಗೆ ಯಾರೂ ತರಬೇತಿ ಕೊಟ್ಟಿಲ್ಲ.

ಇನ್ನು ಅಂಗನವಾಡಿ. ಮೂರರಿಂದ ಆರು ವರ್ಷ, ಕೈ ಬೆರಳು, ಮಾತು, ಗಮನ ಎಲ್ಲ ಬೆಳೆಯುವ ಕಾಲ. ಮಗಳಿಗೆ ಮೂರು ತುಂಬಿದಾಗ ಸೇರಿಸಲು ಹೋದೆ. "ಸ್ವಲ್ಪ ದೊಡ್ಡವಳಾಗಲಿ, ಬಟ್ಟೆ ಗಲೀಜು ಮಾಡಿಕೊಳ್ಳದ ಹಾಗೆ ಆಗಲಿ, ಆಮೇಲೆ ಕಳಿಸಿ" ಅಂದರು. ಕಾರ್ಯಕರ್ತೆಯನ್ನು ನಾನು ದೂರುವುದಿಲ್ಲ. ಅಡುಗೆ, ತೂಕ, ಸರ್ವೆ, ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್ ತುಂಬುವುದು, ಚುನಾವಣೆ ಕೆಲಸ, ಎಲ್ಲ ಅವರ ತಲೆ ಮೇಲೆ. ಆದರೆ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿಕಲಚೇತನ ಮಕ್ಕಳಿಗಾಗಿಯೇ ಅಂಗನವಾಡಿ ಪ್ರೋಟೋಕಾಲ್, ಅಂದರೆ ಮಾರ್ಗಸೂಚಿ, ಹೊರಡಿಸಿದೆ. ಬೇಗ ಗುರುತಿಸಬೇಕು, ಎಲ್ಲರ ಜೊತೆ ಸೇರಿಸಿಕೊಳ್ಳಬೇಕು, ಆಟದ ಮೂಲಕ ಕಲಿಸಬೇಕು ಅಂತ ಅದರಲ್ಲಿ ಇದೆ. ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ ತಯಾರಿಸಿದ, ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟಿಕೆ, ಬೊಂಬೆ, ಪಜಲ್ ತುಂಬಿದ ಜಾದೂಯಿ ಪಿಟಾರಾ (ಮಾಯಾ ಪೆಟ್ಟಿಗೆ) ಬಿಡುಗಡೆ ಆಯಿತು. ಕಾಗದದ ಮೇಲೆ ಎಲ್ಲರೂ ಒಪ್ಪಿದ್ದಾರೆ. ನಮ್ಮ ಅಂಗನವಾಡಿಯಲ್ಲಿ ಆಟಿಕೆ ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲೆ ಇದೆ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಇರುವಂಥ, ಬಣ್ಣದ ದೀಪ, ತೂಗುಯ್ಯಾಲೆ, ಭಾರದ ಜಾಕೆಟ್ ಇರುವ ದುಬಾರಿ ಸೆನ್ಸರಿ ರೂಮ್ ನಾವು ಕೇಳುತ್ತಿಲ್ಲ. ಸೆನ್ಸರಿ ಥೆರಪಿಗಳಿಂದ, ಅಂದರೆ ಇಂದ್ರಿಯಗಳ ಮೂಲಕ ಕೊಡುವ ಚಿಕಿತ್ಸೆಗಳಿಂದ, ಎಷ್ಟು ಫಲ ಇದೆ ಅನ್ನುವುದಕ್ಕೆ ಆಧಾರ ಸೀಮಿತ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ. ಚಿಕಿತ್ಸೆಯ ಹೆಸರಲ್ಲಿ ತಂದೆತಾಯಿಯಿಂದ ಸಾವಿರಗಟ್ಟಲೆ ಕೀಳುವವರನ್ನು ನಾವೂ ಕಂಡಿದ್ದೇವೆ. ಟೆಂಡರ್ ಕರೆದು ತಾಲ್ಲೂಕಿಗೊಂದು ಅಂಥ ಕೋಣೆ ಕಟ್ಟಿ ರಿಬ್ಬನ್ ಕತ್ತರಿಸುವುದು ದಯವಿಟ್ಟು ಬೇಡ. ನಾವು ಕೇಳುತ್ತಿರುವುದು ಪಾಠ. ಎಣಿಕೆ, ಅಕ್ಷರ, ಗುಂಡಿ ಹಾಕುವುದು, ತಾನೇ ಉಣ್ಣುವುದು, ಇವನ್ನು ಕೈಗೆ ಸಿಗುವ ವಸ್ತುಗಳಿಂದ ಕಲಿಸುವ ಪಾಠ.

ಅದಕ್ಕೆ ನಿಮ್ಮಿಂದ ಆಗಬೇಕಾದ ಕೆಲಸ ಹೀಗಿದೆ.

ಎಲ್ಲಕ್ಕಿಂತ ಮೊದಲು ಒಂದು ಸುತ್ತೋಲೆ. ಈ ಕಲಿಕಾ ಸಾಮಗ್ರಿಯನ್ನು ಕುರ್ಚಿ ಟೇಬಲ್ ಹಾಗೆ ಕಾಯಂ ಆಸ್ತಿ ಅಂತ ಬರೆದುಕೊಳ್ಳದೆ, ಸೀಮೆಸುಣ್ಣದ ಹಾಗೆ ಬಳಸಿ ಮುಗಿಯುವ ವಸ್ತು ಅಂತ ದಾಸ್ತಾನಿನಲ್ಲಿ ಬರೆಯಲು ಹೇಳಿ. ಒಡೆದದ್ದು, ಕಳೆದದ್ದು, ಸವೆದದ್ದು ಟೀಚರ್ ಸಹಿ ಮಾಡಿದರೆ ಸಾಕು, ಅವರ ಸಂಬಳದಿಂದ ವಸೂಲಿ ಇಲ್ಲ, ನೋಟಿಸ್ ಇಲ್ಲ ಅಂತ ಅದರಲ್ಲಿ ಬಿಡಿಸಿ ಬರೆದಿರಬೇಕು. ಬಾಯಿಮಾತಿನಲ್ಲಿ "ಬಳಸಿ, ಬಳಸಿ" ಅಂತ ಹೇಳುವುದು ಈಗಲೂ ನಡೆಯುತ್ತಿದೆ. ಅದರಿಂದ ಯಾರಿಗೂ ಧೈರ್ಯ ಬರುವುದಿಲ್ಲ. ತಪಾಸಣೆಗೆ ಬರುವವರು ಎಷ್ಟು ಇದೆ ಅಂತ ಎಣಿಸುವುದರ ಜೊತೆಗೆ ಎಷ್ಟು ಸವೆದಿದೆ ಅಂತಲೂ ನೋಡಲಿ, ಹೊಸದಾಗಿಯೇ ಇದ್ದರೆ ಯಾಕೆ ಅಂತ ಕೇಳಲಿ.

ಜೊತೆಗೆ ಟೀಚರ್ ಕೈಯಲ್ಲಿ ಒಂದಿಷ್ಟು ದುಡ್ಡು ಇರಬೇಕು. ದೊಡ್ಡದೇನಲ್ಲ. ರಾಗಿ, ಹುಣಸೆ ಬೀಜ, ಮರಳು ಕಾಗದ, ನೂಲು, ಗೋಣಿ, ನಾರಿನ ಮ್ಯಾಟ್, ಚಪಾತಿ ಹಿಟ್ಟು. ಊರಿನ ಅಂಗಡಿಯ ಚೀಟಿ ಸಾಕಾಗಬೇಕು. ಅರ್ಧ ಕೆ.ಜಿ. ಅವರೆಕಾಳಿಗೆ ಮೂರು ಕೊಟೇಷನ್ ಕೇಳಿದರೆ ಯಾರು ತರುತ್ತಾರೆ? ಈಗ ಇದೆಲ್ಲ ಟೀಚರ್ ಸ್ವಂತ ಜೇಬಿನಿಂದ ಬರುತ್ತಿದೆ, ಇಲ್ಲ ನಾವು ತಾಯಂದಿರು ಮನೆಯಿಂದ ತರುತ್ತೇವೆ. ಹೊಸ ಕಿಟ್ ಕೊಳ್ಳುವಾಗ ಚನ್ನಪಟ್ಟಣದ ಕುಶಲಕರ್ಮಿಗಳನ್ನು ಕೇಳಿ. ಆಲೆ ಮರ, ಅರಗಿನ ಬಣ್ಣ, ಚೂಪಿಲ್ಲದ ಅಂಚು, ಕೈಗೆ ಹಿತವಾದ ತೂಕ. ಬೇಗ ಸೀಳುವ ತೆಳು ಪ್ಲಾಸ್ಟಿಕ್‌ಗಿಂತ ಅದು ಎಷ್ಟೋ ವಾಸಿ. ಒಂದು ಷರತ್ತು, ಯಾವ ತುಂಡೂ ಮಗುವಿನ ಬಾಯಿಯೊಳಗೆ ಹೋಗುವಷ್ಟು ಚಿಕ್ಕದಿರಬಾರದು. ಇದನ್ನು ಆರ್ಡರ್‌ನಲ್ಲೇ ಬರೆಯಿರಿ.

ಸಾಮಾನು ಮನೆಗೆ ಹೋಗುವ ಹಾಗೆ ಮಾಡಿ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಮಕ್ಕಳು ಪುಸ್ತಕ ಎರವಲು ತರುತ್ತಾರಲ್ಲ, ಅಲ್ಲೇ ಒಂದು ಕಪಾಟಿನಲ್ಲಿ ಈ ಸಾಮಗ್ರಿಯೂ ಇರಲಿ. ಹದಿನೈದು ದಿನಕ್ಕೆ ಮನೆಗೆ ಒಯ್ದು, ವಾಪಸ್ ಕೊಟ್ಟು, ಬೇರೆಯದು ತರಬಹುದು. ಗೃಹಾಧಾರಿತ ಪಟ್ಟಿಯಲ್ಲಿರುವ ಮಕ್ಕಳಿಗೆ ಮೊದಲ ಸರದಿ. ಗ್ರಾಮೀಣಾಭಿವೃದ್ಧಿ ಇಲಾಖೆಯವರನ್ನು ನೀವಿಬ್ಬರೂ ಕೂತು ಕೇಳಿದರೆ ಅವರು ಇಲ್ಲ ಅನ್ನಲಾರರು.

ತರಬೇತಿಯ ಬಗ್ಗೆ ನಮ್ಮ ಟೀಚರ್‌ಗಳು ಹೇಳುವುದು, ಮೊಬೈಲ್‌ನಲ್ಲಿ ವಿಡಿಯೊ ಓಡಿಸಿ ಕೊನೆಗೆ ಪ್ರಶ್ನೆಗೆ ಟಿಕ್ ಹಾಕಿದರೆ ಮುಗಿಯಿತು ಅಂತ. ಕೈಯಿಂದ ಕಲಿಸುವುದನ್ನು ಕೈಯಿಂದಲೇ ಕಲಿಯಬೇಕು. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಗೊತ್ತಿರುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ವಿಶೇಷ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ತಾಯಂದಿರು ಒಂದೇ ಕೋಣೆಯಲ್ಲಿ ಕೂತು, ನಿಜವಾದ ಮಕ್ಕಳ ಜೊತೆ ಕಲಿಯುವ ಹಾಗೆ ಏರ್ಪಾಡು ಮಾಡಿ. ತಾಯಂದಿರನ್ನು ಬಿಡಬೇಡಿ. ವಾರದ ಉಳಿದ ದಿನ ಮಗುವಿನ ಜೊತೆ ಇರುವವರು ನಾವು. ಖಾಲಿ ಇರುವ ವಿಶೇಷ ಶಿಕ್ಷಕರ ಹುದ್ದೆಗಳನ್ನು ತುಂಬದೆ ಇದು ಯಾವುದೂ ನಿಲ್ಲುವುದಿಲ್ಲ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕೊನೆಯದು, ಒಂದು ಫೈಲು. ಮಗು ಅಂಗನವಾಡಿ ಬಿಟ್ಟು ಶಾಲೆಗೆ ಬರುವಾಗ ಏನು ಮುಟ್ಟುತ್ತದೆ, ಏನು ಮುಟ್ಟುವುದಿಲ್ಲ, ಯಾವ ಸಾಮಾನಿನಿಂದ ಏನು ಕಲಿತಿದೆ, ಯಾವುದಕ್ಕೆ ಹೆದರುತ್ತದೆ ಅಂತ ಎರಡು ಪುಟ ಬರೆದು ಕಾರ್ಯಕರ್ತೆ ಒಂದನೇ ತರಗತಿ ಟೀಚರ್ ಕೈಗೆ ಕೊಡಲಿ. ಕವರಿನೊಳಗೆ ಹಿಟ್ಟು ಕೊಟ್ಟರೆ ಸರಿ ಹೋಗುವ ಹುಡುಗನ ಕೈಯನ್ನು ಹೊಸ ಟೀಚರ್ ಮತ್ತೆ ಹಿಟ್ಟಿಗೆ ಒತ್ತಿಸುವುದು ತಪ್ಪುತ್ತದೆ. ಎರಡು ಇಲಾಖೆ ಸೇರಿ ಮಾಡಬೇಕಾದ ಕೆಲಸ ಅಂತಲೇ ಇಬ್ಬರಿಗೂ ಬರೆದೆ.

ಸುತ್ತೋಲೆಗೆ ಬಜೆಟ್ ಬೇಡ, ಒಂದು ಸಹಿ ಸಾಕು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಅದು ಹೊರಡಲಿ. ಅದರ ಪ್ರತಿಯನ್ನು ಪ್ರತಿ ಬಿ.ಆರ್.ಸಿ. ಮತ್ತು ಪ್ರತಿ ಅಂಗನವಾಡಿಯ ಗೋಡೆಗೆ, ತಂದೆತಾಯಿ ಓದುವ ಜಾಗದಲ್ಲಿ ಅಂಟಿಸಲು ಆದೇಶ ಮಾಡಿ. ಆಗ ನಾವೇ ಅದನ್ನು ತೋರಿಸಿ ಬೀರು ತೆಗೆಯಿರಿ ಅಂತ ಕೇಳುತ್ತೇವೆ, ಟೀಚರ್ ಕೂಡ ಹೆದರದೆ ತೆಗೆಯುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ತಾಯಿ